ಬಿಲ್ಲಿನ ಬೆನ್ನು ಕೆತ್ತುವ ಮುಂಚೆ ಇದನ್ನು ನೋಡಿ

[ಟೆರೇಸ್. ಕೈಯಲ್ಲಿ ಮುರಿದ ಬಿಲ್ಲಿನ ಎರಡು ತುಂಡು.]

ನಮಸ್ಕಾರ. ಇದು ನಾನು ಮಾಡಿದ ಮೊದಲ ಬಿಲ್ಲು. ಈಗ ಎರಡು ತುಂಡು. 24 ಇಂಚು ಎಳೆದಿದ್ದೆ ಅಷ್ಟೇ, ಪಟಾರ್ ಅಂತ ಸದ್ದು, ಮೇಲಿನ ತುಂಡು ನನ್ನ ಕಿವಿ ಪಕ್ಕದಲ್ಲೇ ಹಾರಿ ನೀರಿನ ಟ್ಯಾಂಕಿಗೆ ಬಡಿಯಿತು. ಕೆಳಗಿನ ಮನೆ ಆಂಟಿ ಮೆಟ್ಟಿಲ ಹತ್ತಿರ ಬಂದು "ಏನಪ್ಪಾ ಅದು, ಕುಕ್ಕರ್ರಾ?" ಅಂತ ಕೂಗಿದರು. ರಾಮ ಬಿಲ್ಲು ಮುರಿದಾಗ ಸೀತೆ ಸಿಕ್ಕಳು, ನನಗೆ ಸಿಕ್ಕಿದ್ದು ಇದು.

ಮರ ಕೆಟ್ಟದ್ದಾಗಿತ್ತು ಅಂದುಕೊಂಡೆ. ಮರದ್ದೇನೂ ತಪ್ಪಿಲ್ಲ. ಚೆಂದ ಕಾಣಲಿ ಅಂತ ನಾನು ಬೆನ್ನನ್ನು ಉಜ್ಜಿ ಉಜ್ಜಿ ಟೇಬಲ್ ಥರ ಸಮ ಮಾಡಿದ್ದೆ. ಅದೇ ತಪ್ಪು.

[ಕ್ಲೋಸಪ್: ಮುರಿದ ಜಾಗ.]

ಇಲ್ಲಿ ನೋಡಿ. ಮರ ನೇರ ಅಡ್ಡಕ್ಕೆ ಮುರಿದಿಲ್ಲ. ಈ ಗಂಟಿನ ಪಕ್ಕದಿಂದ ಒಂದು ಸಿಬಿರು ಎದ್ದಿದೆ, ಅದು ಓರೆಯಾಗಿ ಒಳಗೆ ಓಡಿದೆ, ಮಿಕ್ಕಿದ್ದು ಅದರ ಹಿಂದೆ ಹೋಗಿದೆ. ಸಿಬಿರು ಎದ್ದ ಜಾಗದಲ್ಲಿ ಮರದ ಗೆರೆಗಳು ನಕ್ಷೆಯಲ್ಲಿ ಬೆಟ್ಟ ಬರೆದ ಹಾಗೆ ಒಂದರೊಳಗೊಂದು ಸುತ್ತಿಕೊಂಡಿವೆ ಅಲ್ವಾ? ಮರ ಬೆಳೆಯುತ್ತಾ ಪದರದ ಮೇಲೆ ಪದರ ಕಟ್ಟುತ್ತದಲ್ಲ, ಅದೇ ಉಂಗುರ. ಒಂದೊಂದು ಗೆರೆಯೂ ನಾನು ಕತ್ತರಿಸಿದ ಒಂದೊಂದು ಉಂಗುರದ ಅಂಚು.

ಮೊದಲು ಬೆನ್ನು ಯಾವುದು, ಹೊಟ್ಟೆ ಯಾವುದು ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲರೂ ಉಲ್ಟಾ ತಿಳಿದುಕೊಳ್ಳುತ್ತಾರೆ. ಬಿಲ್ಲು ಹಿಡಿದು ನಿಂತಾಗ ನಿಮ್ಮ ಮುಖಕ್ಕೆ ಎದುರಾಗಿರುವುದು ಹೊಟ್ಟೆ. ಗುರಿಯ ಕಡೆ ಇರುವುದು ಬೆನ್ನು. ಹೆದೆ ಎಳೆದಾಗ ಹೊಟ್ಟೆ ಒತ್ತಿಕೊಳ್ಳುತ್ತದೆ, ಬೆನ್ನು ಹಿಗ್ಗುತ್ತದೆ. ಹಿಗ್ಗುವುದು ಅಂದರೆ ತುಂಬಾ ಏನಲ್ಲ, ಪೂರ್ತಿ ಎಳೆದಾಗ ನೂರಕ್ಕೆ ಒಂದು ಪಾಲಿನ ಆಸುಪಾಸು. ಆದರೆ ಮರಕ್ಕೆ ಅದೇ ಜಾಸ್ತಿ.

ಚಿಕ್ಕಪೇಟೆಯಲ್ಲಿ ಬಟ್ಟೆ ಅಂಗಡಿಯವರನ್ನು ನೋಡಿದ್ದೀರಾ? ಎರಡೂವರೆ ಮೀಟರ್ ಅಳೆದು, ಅಂಚಿಗೆ ಕತ್ತರಿ ಒಂದು ಚೂರು ತಾಗಿಸಿ, ಎರಡೂ ಕೈಯಲ್ಲಿ ಹಿಡಿದು ಪರ್ರ್ ಅಂತ ಹರಿಯುತ್ತಾರೆ. ಆ ಒಂದು ಚೂರು ಇಲ್ಲದಿದ್ದರೆ ಪೈಲ್ವಾನ್ ಬಂದರೂ ಹರಿಯುವುದು ಕಷ್ಟ. ಬೆನ್ನೂ ಹಾಗೇ. ಮರದ ನಾರು ಬಿಲ್ಲಿನ ಈ ತುದಿಯಿಂದ ಆ ತುದಿಗೆ ಕಡಿಯದೆ ಹೋಗಿದ್ದರೆ ಎಳೆತ ತಡೆದುಕೊಳ್ಳುತ್ತದೆ. ಎಲ್ಲೋ ಒಂದು ಕಡೆ ನೀವು ನಾರನ್ನು ಓರೆಯಾಗಿ ಕತ್ತರಿಸಿದಿರೋ, ಅದೇ ಕತ್ತರಿ ತಾಗಿದ ಅಂಚು.

ಹಾಗಾಗಿ ಬೆನ್ನನ್ನು ನಾವು ಮಾಡುವುದಲ್ಲ, ಮರದೊಳಗೆ ಹುಡುಕುವುದು. ಇಡೀ ಬೆನ್ನು ಒಂದೇ ಉಂಗುರದ ಮೇಲ್ಮೈ ಆಗಿರಬೇಕು. ಆ ಉಂಗುರ ಎಲ್ಲಿ ಏರುತ್ತದೋ ಅಲ್ಲಿ ಬೆನ್ನೂ ಏರಬೇಕು, ಎಲ್ಲಿ ಇಳಿಯುತ್ತದೋ ಅಲ್ಲಿ ಇಳಿಯಬೇಕು. ಡೊಂಕಾಗಿದ್ದರೆ ಡೊಂಕೇ.

[ದೃಶ್ಯ: ತೊಗಟೆ ಇರುವ ಹಿಪ್ಪುನೇರಳೆ ಸೀಳು, ಬೆಂಚಿನ ಮೇಲೆ.]

ಇವತ್ತಿನ ಮರ ಇದು. ಹಿಪ್ಪುನೇರಳೆ. ಬಿಲ್ಲಿಗೆ ಅಂತ ಸೀಳಿಟ್ಟ ತುಂಡಿಗೆ ಇಂಗ್ಲಿಷಿನಲ್ಲಿ ಸ್ಟೇವ್ ಅನ್ನುತ್ತಾರೆ, ನಾನು ಸೀಳು ಅಂತಲೇ ಕರೆಯುತ್ತೇನೆ. ಅಮೆರಿಕದಲ್ಲಿ ಬಿಲ್ಲು ಮಾಡುವವರು ಓಸೇಜ್ ಆರೆಂಜ್ ಅನ್ನುವ ಹಳದಿ ಮರದ ಹೆಸರು ಹೇಳಿದರೆ ಕೈ ಮುಗಿಯುತ್ತಾರೆ. ಫ್ರೆಂಚರು ಅದನ್ನು ಬಿಲ್ಲಿನ ಮರ ಅಂತಲೇ ಕರೆದರು. ನಮ್ಮ ಹಿಪ್ಪುನೇರಳೆಯೂ ಅದೇ ಕುಟುಂಬದ್ದು, ಹಲಸಿನ ಮರದ ಕುಟುಂಬ. ನಮ್ಮ ದೇಶದಲ್ಲಿ ಹಾಕಿ ಸ್ಟಿಕ್ ಮಾಡಿದ್ದೂ ಇದರಲ್ಲೇ. ಏಟು ತಿಂದು ಬಗ್ಗುವ ಮರ.

ರಾಮನಗರದ ಕಡೆ ಒಬ್ಬ ರೈತರ ಹತ್ತಿರ ಕೇಳಿ ತಂದೆ. ರೇಷ್ಮೆ ತೋಟದ ಹಿಪ್ಪುನೇರಳೆ ಸೊಂಟದೆತ್ತರಕ್ಕೆ ಕತ್ತರಿಸಿ ಕತ್ತರಿಸಿ ಪೊದೆಯಾಗಿರುತ್ತದೆ, ಅದು ನಮಗೆ ಆಗುವುದಿಲ್ಲ. ಬದುವಿನ ಮೇಲೆ ಮರವಾಗಲು ಬಿಟ್ಟದ್ದು ಬೇಕು, ಆರಡಿ ನೇರ ಇರಬೇಕು. "ಯಾತಕ್ಕಪ್ಪಾ ಕೊಂಬೆ?" ಅಂದರು. ಬಿಲ್ಲಿಗೆ ಅಂದೆ. "ಯಾವ ಬಿಲ್ಲು, ಕರೆಂಟ್ ಬಿಲ್ಲಾ?" ಅಂದರು. ಅವರ ಮಗನಿಗೂ ಒಂದು ಮಾಡಿಕೊಡುತ್ತೇನೆ ಅಂತ ಒಪ್ಪಿಕೊಂಡ ಮೇಲೆ ಕೊಂಬೆ ಸಿಕ್ಕಿತು.

ಗರಗಸದಲ್ಲಿ ಸೀಳಿಲ್ಲ, ಬೆಣೆ ಹೊಡೆದು ಸೀಳಿದ್ದೇನೆ. ಬೆಣೆ ನಾರಿನ ದಾರಿಯಲ್ಲೇ ಹೋಗುತ್ತದೆ, ಗರಗಸಕ್ಕೆ ನಾರು ಗೊತ್ತಿಲ್ಲ. ಎರಡೂ ತುದಿಗೆ ತಕ್ಷಣ ಪೇಂಟ್ ಬಳಿದೆ, ಇಲ್ಲದಿದ್ದರೆ ತೇವ ತುದಿಯಿಂದ ಬೇಗ ಹೋಗಿ ಅಲ್ಲೇ ಬಿರುಕು ಬಿಡುತ್ತದೆ. ನೆರಳಿನಲ್ಲಿ ಒಂದು ವರ್ಷ ಇಟ್ಟಿದ್ದೆ. ಮನೆಯವರ ಬೈಗುಳ ಬೇರೆ ವಿಷಯ.

[ಕ್ಲೋಸಪ್: ಸೀಳಿನ ತುದಿ, ಒದ್ದೆ ಬಟ್ಟೆಯಲ್ಲಿ ಒರೆಸಿದ್ದು.]

ತುದಿಯನ್ನು ಹೊಸದಾಗಿ ಸ್ವಲ್ಪ ಕೊಯ್ದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಉಂಗುರ ಎದ್ದು ಕಾಣುತ್ತದೆ. ಹೊರಗೆ ತೊಗಟೆ. ಅದರ ಕೆಳಗೆ ಬೆಳ್ಳಗಿನ ಪದರ. ಒಳಗೆ ಹಳದಿ ತಿರುಗಿ ಕಂದಾಗಿರುವುದು ಚೇಗು. ಚೇಗಿನಲ್ಲಿ ಗಮನಿಸಿ, ಪ್ರತಿ ಉಂಗುರದಲ್ಲೂ ಎರಡು ಭಾಗ ಇದೆ. ಸೂಜಿ ಚುಚ್ಚಿದಂತೆ ಸಣ್ಣ ಸಣ್ಣ ತೂತಿನ ಒಂದು ಗೆರೆ, ಅದು ಮರ ಚಿಗುರುವಾಗ ಅವಸರದಲ್ಲಿ ಕಟ್ಟಿದ್ದು. ಆಮೇಲೆ ಗಟ್ಟಿಯಾದ ನುಣ್ಣನೆ ಪಟ್ಟಿ, ಅದು ನಿಧಾನಕ್ಕೆ ಕಟ್ಟಿದ್ದು. ತೂತಿನ ಗೆರೆಗೆ ಬಲ ಇಲ್ಲ. ಗಟ್ಟಿ ಪಟ್ಟಿಯ ಮೇಲ್ಮೈ ನಮ್ಮ ಬೆನ್ನು.

ಗಟ್ಟಿ ಪಟ್ಟಿ ದಪ್ಪಗಿರುವ ಉಂಗುರ ಆರಿಸಿ. 3 ಮಿಲಿಮೀಟರ್ ಸಿಕ್ಕರೆ ಹಬ್ಬ. ಕಾಗದದಷ್ಟು ತೆಳುವಾದ ಉಂಗುರ ಹಿಡಿದು ಹೋಗುವುದು ಹೊಸಬರ ಕೆಲಸ ಅಲ್ಲ, ನನ್ನ ಕೆಲಸವೂ ಅಲ್ಲ.

ಬಿಳಿ ಪದರ ಇಟ್ಟುಕೊಳ್ಳಬೇಕಾ, ತೆಗೆಯಬೇಕಾ? ಮರದ ಮೇಲೆ ಹೋಗುತ್ತದೆ. ಇಂಗ್ಲೆಂಡಿನ ಯೂ ಮರದ ಉದ್ದ ಬಿಲ್ಲಿನಲ್ಲಿ ಬಿಳಿ ಪದರವೇ ಬೆನ್ನು, ಕೆಂಪು ಚೇಗು ಹೊಟ್ಟೆ, ಏಕೆಂದರೆ ಅದರ ಬಿಳಿ ಪದರ ಹಿಗ್ಗುವುದರಲ್ಲಿ ಗಟ್ಟಿಗ. 1545ರಲ್ಲಿ ಮುಳುಗಿದ ಮೇರಿ ರೋಸ್ ಅನ್ನುವ ಇಂಗ್ಲಿಷ್ ಯುದ್ಧದ ಹಡಗನ್ನು 1982ರಲ್ಲಿ ಮೇಲೆತ್ತಿದರು, ಅದರಿಂದ 137 ಇಡೀ ಬಿಲ್ಲುಗಳು ಸಿಕ್ಕವು, ಎಲ್ಲ ಯೂ ಮರದ್ದು. ಓಸೇಜ್ ಮಾಡುವವರು ಸಾಮಾನ್ಯವಾಗಿ ಬಿಳಿ ಪದರ ತೆಗೆದುಬಿಡುತ್ತಾರೆ. ಎಲ್ಮ್, ಹಿಕರಿ, ಆಶ್ ಥರದ ಬಿಳಿ ಮರಗಳಿಗೆ ಈ ತಲೆನೋವೇ ಇಲ್ಲ, ತೊಗಟೆ ಸುಲಿದರೆ ಕೆಳಗಿರುವುದೇ ಬೆನ್ನು, ಆಮೇಲೆ ಅದನ್ನು ಮುಟ್ಟಬೇಡಿ. ಹಿಪ್ಪುನೇರಳೆಯಲ್ಲಿ ಬಿಳಿ ಪದರ ಬಿಡಲೂಬಹುದು. ನನ್ನ ಸೀಳಿಗೆ ಅಲ್ಲಿ ಕುಟ್ಟೆ ಹಿಡಿದಿತ್ತು, ನೋಡಿ, ಹುಳ ಕೊರೆದ ಪುಡಿ. ಹಾಗಾಗಿ ತೆಗೆಯುತ್ತಿದ್ದೇನೆ.

[ದೃಶ್ಯ: ಎರಡು ಹಿಡಿಯ ಕತ್ತಿಯಿಂದ ಎಳೆಯುವುದು. ಸಂಗೀತ ಬೇಡ, ಸದ್ದು ಹಾಗೇ ಇರಲಿ.]

ಈ ಎರಡು ಹಿಡಿಯ ಕತ್ತಿಯನ್ನು ಕುಲುಮೆಯವರ ಹತ್ತಿರ ಹಳೇ ಲಾರಿ ಪಟ್ಟಿಯಲ್ಲಿ ಬಡಿಸಿಕೊಂಡೆ. ಸೀಳನ್ನು ಬೆಂಚಿಗೆ ಬಿಗಿದು, ಎರಡೂ ಕೈಯಲ್ಲಿ ಮೈ ಕಡೆಗೆ ಎಳೆಯುವುದು. ತೊಗಟೆ, ಬಿಳಿ ಪದರ ಧೈರ್ಯವಾಗಿ ತೆಗೆಯಿರಿ. ನೀವು ಆರಿಸಿದ ಉಂಗುರಕ್ಕೆ ಇನ್ನೊಂದು ಉಂಗುರ ಬಾಕಿ ಇದೆ ಅನ್ನುವಾಗ ನಿಲ್ಲಿಸಿ, ಟೀ ಕುಡಿದು ಬನ್ನಿ. ನಿಜವಾಗಿ ಹೇಳುತ್ತಿದ್ದೇನೆ. ಬೆನ್ನು ಹಾಳಾಗುವುದು ಸುಸ್ತಾದಾಗ.

ಬಂದ ಮೇಲೆ ಕಿವಿ ಕೊಟ್ಟು ಕೇಳಿ.

[ಎರಡು ಸೆಕೆಂಡ್ ಮಾತಿಲ್ಲ. ಕರಕರ ಸದ್ದು. ಆಮೇಲೆ ಸುಯ್ಯ್ ಅನ್ನುವ ಸದ್ದು.]

ವ್ಯತ್ಯಾಸ ಕೇಳಿಸಿತಾ? ತೂತಿನ ಗೆರೆಯಲ್ಲಿ ಕತ್ತಿ ಹೋಗುವಾಗ ಬೇಕರಿ ರಸ್ಕ್ ಮೇಲೆ ಚಾಕು ಎಳೆದ ಹಾಗೆ ಕರಕರ ಅನ್ನುತ್ತದೆ, ಸಿಪ್ಪೆ ಪುಡಿಪುಡಿಯಾಗಿ ಬರುತ್ತದೆ. ಗಟ್ಟಿ ಪಟ್ಟಿಯಲ್ಲಿ ಸದ್ದಿಲ್ಲ, ಸಿಪ್ಪೆ ರಿಬ್ಬನ್ನಿನಂತೆ ಸುರುಳಿ ಸುತ್ತುತ್ತದೆ. ಕರಕರ ಕೇಳಿದ ಕೂಡಲೇ ನಿಮ್ಮ ಉಂಗುರ ಅದರ ಕೆಳಗೇ ಇದೆ ಅಂತ ಅರ್ಥ. ಇಲ್ಲಿಂದ ಕತ್ತಿ ಬೇಡ. ಹಳೇ ಗರಗಸದ ಅಲಗಿನ ತುಂಡು ಇದ್ದರೆ ಸಾಕು, ಅದನ್ನು ನೆಟ್ಟಗೆ ಹಿಡಿದು ಕೆರೆಯುವುದು. ಹಳೇ ಬಡಗಿಗಳು ಒಡೆದ ಗಾಜಿನಲ್ಲಿ ಕೆರೆಯುತ್ತಿದ್ದರು, ಕೈಗೆ ಬಟ್ಟೆ ಸುತ್ತಿಕೊಂಡು.

ಒಂದು ತುದಿಯಲ್ಲಿ ಅಂಗೈಯಷ್ಟು ಜಾಗ ಬಿಡಿಸಿ, ಅಲ್ಲಿಂದ ಅದೇ ಉಂಗುರವನ್ನು ಹಿಂಬಾಲಿಸಿ. ಟ್ಯೂಬ್‌ಲೈಟ್ ನೆತ್ತಿಯ ಮೇಲಿದ್ದರೆ ಏನೂ ಕಾಣುವುದಿಲ್ಲ. ಬೆಳಕು ಪಕ್ಕದಿಂದ, ತಗ್ಗಿನಿಂದ ಬರಬೇಕು. ನಾನು ಬೆಳಿಗ್ಗೆ ಏಳೂವರೆಗೆ ಟೆರೇಸಿಗೆ ಹೋಗುವುದು ಅದಕ್ಕೇ. ಗಟ್ಟಿ ಪಟ್ಟಿ ಮಿಂಚುತ್ತದೆ, ತೂತಿನ ಪದರ ಮಂಕಾಗಿರುತ್ತದೆ. ಉಳಿದ ಮಂಕು ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಪೆನ್ಸಿಲ್ ಮಾತ್ರ. ಉಳಿಯ ಮೊನೆಯಲ್ಲೋ ಚಾಕುವಿನಲ್ಲೋ ಬೆನ್ನಿನ ಮೇಲೆ ಗೆರೆ ಎಳೆದಿರೋ, ಬಟ್ಟೆ ಅಂಗಡಿಯವರ ಕತ್ತರಿ ನೆನಪು ಮಾಡಿಕೊಳ್ಳಿ.

[ಕ್ಲೋಸಪ್: ಗಂಟು.]

ಈಗ ಗಂಟು. ನಾನು ಕೆಟ್ಟಿದ್ದು ಇಲ್ಲೇ. ಗಂಟು ಅಂದರೆ ಹಳೇ ಕೊಂಬೆಯ ಬುಡ. ಉಂಗುರ ಅದರ ಸುತ್ತ ಮೇಲೆದ್ದು ಸಣ್ಣ ಗುಡ್ಡವಾಗುತ್ತದೆ, ನಾರು ಹೊಳೆ ನೀರು ಬಂಡೆಯನ್ನು ಬಳಸಿದ ಹಾಗೆ ಎರಡೂ ಬದಿಯಿಂದ ಸುತ್ತಿ ಹೋಗುತ್ತದೆ. ಕತ್ತಿಗೆ ಗುಡ್ಡ ಕಂಡರೆ ಸವರಿ ಹಾಕುವ ಆಸೆ. ಮೊಡವೆ ಚಿವುಟಬೇಡ ಅಂತ ಅಮ್ಮ ಹೇಳುತ್ತಿದ್ದಳಲ್ಲ, ಅದೇ ಮಾತು ಇಲ್ಲಿಗೂ. ಗುಡ್ಡ ಹಾಗೇ ಇರಲಿ. ಎರಡೂ ಕಡೆಯಿಂದ ಗುಡ್ಡದ ಬುಡದವರೆಗೆ ಬಂದು ನಿಲ್ಲಿಸಿ, ಮೇಲಿನ ಒಂದೆರಡು ಉಂಗುರದ ಚೂರು ಗಂಟಿನ ಮೇಲೆ ಟೋಪಿ ಥರ ಉಳಿದರೂ ಪರವಾಗಿಲ್ಲ. ಜಾಸ್ತಿ ಉಳಿದರೆ ಬಿಲ್ಲು ಕುರೂಪ, ಕಡಿಮೆ ಉಳಿದರೆ ಬಿಲ್ಲೇ ಇಲ್ಲ.

ಉಂಗುರ ಕಡಿದುಹೋದರೆ? ಸರಿಯಾದ ದಾರಿ ಒಂದೇ: ಇಡೀ ಬೆನ್ನನ್ನು ಕೆಳಗಿನ ಉಂಗುರಕ್ಕೆ ಇಳಿಸುವುದು. ಅಳಬೇಕು ಅನಿಸುತ್ತದೆ, ಗೊತ್ತು. ಸೀಳಿನಲ್ಲಿ ಅಷ್ಟು ದಪ್ಪ ಉಳಿದಿಲ್ಲ ಅಂದರೆ ಬೆನ್ನಿಗೆ ಏನಾದರೂ ಅಂಟಿಸಬೇಕು. ತಮಟೆಗೆ ಹಾಕುವಂಥ ತೆಳು ಹಸಿ ತೊಗಲು ಆಗುತ್ತದೆ. ರೇಷ್ಮೆ ಬಟ್ಟೆಯೂ ಆಗುತ್ತದೆ, ಮರದ ಅಂಟಿನಲ್ಲಿ ಎರಡು ಪದರ. ಹಿಪ್ಪುನೇರಳೆ ಬಿಲ್ಲಿಗೆ ಅಜ್ಜಿಯ ಹಳೇ ರೇಷ್ಮೆ ಸೀರೆಯ ಬೆನ್ನು, ಯೋಚನೆ ಚೆನ್ನಾಗಿದೆ ಅಲ್ವಾ? ಅಜ್ಜಿಗೆ ಹಾಗನಿಸಲಿಲ್ಲ. ಇವು ಸಿಬಿರು ಏಳದಂತೆ ಅದುಮಿ ಹಿಡಿಯುತ್ತವೆ ಅಷ್ಟೇ, ಕಡಿದ ನಾರನ್ನು ಮತ್ತೆ ಕೂಡಿಸುವುದಿಲ್ಲ.

ಮೈಸೂರು ರಸ್ತೆಯ ಟಿಂಬರ್ ಯಾರ್ಡಿನಿಂದ ಹಲಗೆ ತಂದು ಮಾಡುತ್ತೇನೆ ಅನ್ನುವವರಿಗೆ ಒಂದೇ ಮಾತು: ಹಲಗೆಯ ಮುಖದಲ್ಲೂ ಪಕ್ಕದಲ್ಲೂ ಗೆರೆಗಳು ತುದಿಯಿಂದ ತುದಿಗೆ ನೇರ ಓಡಿರಬೇಕು. ಅಂಗಡಿಯವರು ಬೇಜಾರು ಮಾಡಿಕೊಂಡರೂ ಇಪ್ಪತ್ತು ಹಲಗೆ ತಿರುಗಿಸಿ ನೋಡಿ. ಬಿದಿರಾದರೆ ಹೊರಮೈಯೇ ಬೆನ್ನು, ಗಟ್ಟಿ ನಾರೆಲ್ಲ ಹೊರಗಡೆಯೇ ಇರುತ್ತದೆ.

[ದೃಶ್ಯ: ಅಂಚು ದುಂಡಗೆ ಮಾಡುವುದು.]

ಉಂಗುರ ಪೂರ್ತಿ ಬಿಡಿಸಿಕೊಂಡ ಮೇಲೆ ಬೆನ್ನಿನ ಎರಡೂ ಅಂಚು ದುಂಡಗೆ ಮಾಡಿ. ಪೆನ್ಸಿಲ್ ಮೈಯಷ್ಟು ದುಂಡಗೆ. ಸಿಬಿರು ಮೊದಲು ಏಳುವುದು ಚೂಪು ಅಂಚಿನಲ್ಲಿ. ಆಮೇಲೆ ಉಪ್ಪು ಕಾಗದ, ಉದ್ದಕ್ಕೆ ಮಾತ್ರ, ಅಡ್ಡಕ್ಕೆ ಒಂದು ಸಲವೂ ಬೇಡ. ಕೊನೆಗೆ ಗಾಜಿನ ಬಾಟಲಿಯ ಹೊರಮೈಯಲ್ಲಿ ಒತ್ತಿ ಉಜ್ಜಿದರೆ ನಾರು ಕೂತು ಹೊಳಪು ಬರುತ್ತದೆ. ಇನ್ನೂ ಒಣಗಬೇಕಾದ ಸೀಳಾದರೆ ಬೆನ್ನಿಗೆ ಅರಗಿನ ಪಾಲಿಶ್ ಒಂದು ಕೈ ಬಳಿದಿಡಿ, ಬೆತ್ತಲೆ ಬಿಟ್ಟರೆ ಬೆಂಗಳೂರಿನ ಏಪ್ರಿಲ್ ಬಿಸಿಲಿಗೆ ಬಿರುಕು ಬಿಡುತ್ತದೆ.

1991ರಲ್ಲಿ ಆಲ್ಪ್ಸ್ ಹಿಮದಲ್ಲಿ ಸಿಕ್ಕ ಓಟ್ಸಿ, 5,000 ವರ್ಷಕ್ಕೂ ಹಿಂದಿನ ಮನುಷ್ಯ, ಅವನ ಜೊತೆ ಆರಡಿ ಉದ್ದದ ಒಂದು ಯೂ ಬಿಲ್ಲು ಇತ್ತು. ಅರ್ಧ ಕೆತ್ತಿದ್ದು. ಕೊಡಲಿ ಏಟಿನ ಗುರುತು ಈಗಲೂ ಕಾಣುತ್ತದೆ. ನನ್ನ ಮಂಚದ ಕೆಳಗೆ ಅಂಥವು ಮೂರಿವೆ.

[ಕ್ಲೋಸಪ್: ಹತ್ತಿ ಉಂಡೆ, ಬೆನ್ನಿನ ಮೇಲೆ.]

ಹೆದೆ ಏರಿಸುವ ಮುಂಚೆ ಕೊನೆಯ ಪರೀಕ್ಷೆ. ದೇವರ ಮನೆಯಿಂದ ಸ್ವಲ್ಪ ಹತ್ತಿ ತಂದಿದ್ದೇನೆ, ಬತ್ತಿ ಹೊಸೆಯುವ ಹತ್ತಿ. ಬೆನ್ನಿನ ಮೇಲೆ ಹಗುರವಾಗಿ, ಈ ತುದಿಯಿಂದ ಆ ತುದಿಗೆ, ಆಮೇಲೆ ವಾಪಸ್. ಕಣ್ಣಿಗೆ ಕಾಣದ ಸಿಬಿರು ಎದ್ದಿದ್ದರೆ ಹತ್ತಿಯ ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಡಿಯ ಹತ್ತಿರ ಏನಿಲ್ಲ. ಮೊದಲ ಗಂಟು, ಏನಿಲ್ಲ. ಎರಡನೇ ಗಂಟು...

ಇಲ್ಲಿ. ನೋಡಿ, ಒಂದೇ ಎಳೆ.

ನೀರಿನಂತಿರುವ ತೆಳು ಸೂಪರ್ ಗ್ಲೂ ಒಂದು ಹನಿ ಬಿಟ್ಟು, ಮೇಲೆ ದಾರ ಬಿಗಿಯಾಗಿ ಸುತ್ತಿ, ನಾಳೆ ಮತ್ತೆ ಹತ್ತಿ ಓಡಿಸುತ್ತೇನೆ. ಇವತ್ತು ಹೆದೆ ಏರಿಸುವುದಿಲ್ಲ.