ವಿಮಾನ ಮತ್ತೆ ಮೇಲೇರಿದರೆ ಗೊಣಗಬೇಡಿ

ಕೇಳುಗರೇ, ನಮಸ್ಕಾರ.

ಹೊರಗೆ ಹಿಮ ಸುರಿಯುತ್ತಿದೆ. ಇನ್ನೇನು ಇಳಿದೇಬಿಟ್ಟೆವು ಅನ್ನುವಾಗ ವಿಮಾನ ಜೋರಾಗಿ ಸದ್ದು ಮಾಡುತ್ತಾ ಮತ್ತೆ ಮೇಲೇರುತ್ತದೆ. ಎದೆ ಝಲ್ ಅನ್ನುತ್ತದೆ, ಅಲ್ವಾ? ಪೈಲಟ್‌ಗೆ ಇಳಿಸೋಕೆ ಬರಲಿಲ್ಲ ಅಂತ ಗೊಣಗುವವರೂ ಇದ್ದಾರೆ. ದಯವಿಟ್ಟು ಹಾಗೆ ಅನ್ನಬೇಡಿ. ಇದರ ಹೆಸರು ಗೋ-ಅರೌಂಡ್. ಪೈಲಟ್‌ಗಳಿಗೆ ನಾನು ಹೇಳಿಕೊಡುವುದು ಇದನ್ನೇ: ಅನುಮಾನ ಬಂತಾ, ಮೇಲೇರಿ.

ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ನಡೆದದ್ದು ಕೇಳಿ. 2015ರ ಮಾರ್ಚ್ 29, ಮಧ್ಯರಾತ್ರಿ ದಾಟಿತ್ತು. ಏರ್ ಕೆನಡಾದ ಎ320 ವಿಮಾನದಲ್ಲಿ 138 ಜನ. ಹೊರಗೆ ಗಾಳಿ, ಹಿಮ. ಆ ರನ್‌ವೇಯಲ್ಲಿ ದಿಕ್ಕು ತೋರಿಸುವ ರೇಡಿಯೋ ಸಂಕೇತ ಇತ್ತು, ಇಳಿಯುವ ಕೋನ ತೋರಿಸುವ ಸಂಕೇತ ಇರಲಿಲ್ಲ. ಹಾಗಾಗಿ ಪೈಲಟ್‌ಗಳು ಕೋನವನ್ನು ತಾವೇ ಆಟೋಪೈಲಟ್‌ನಲ್ಲಿ ಹಾಕಿದರು. ಗಾಳಿಯಿಂದಾಗಿ ವಿಮಾನ ಇರಬೇಕಾದ ದಾರಿಗಿಂತ ಕೆಳಗೆ ಹೋಗುತ್ತಿತ್ತು. ಆಟೋಪೈಲಟ್ ಅದನ್ನು ಸರಿಪಡಿಸಲಿಲ್ಲ. ದೂರಕ್ಕೂ ಎತ್ತರಕ್ಕೂ ತಾಳೆ ನೋಡಿದ್ದರೆ ಗೊತ್ತಾಗುತ್ತಿತ್ತು. ಯಾರೂ ನೋಡಲಿಲ್ಲ.

ಅಷ್ಟರಲ್ಲಿ ಹಿಮದ ನಡುವೆ ಕೆಲವು ದೀಪ ಕಂಡವು. ಸರಿ, ಇಳಿಯೋಣ ಅಂದುಕೊಂಡರು. ದೀಪ ಕಂಡರೆ ರನ್‌ವೇ ಎಲ್ಲಿದೆ ಅನ್ನುವುದಷ್ಟೇ ಗೊತ್ತಾಗುತ್ತದೆ. ನಾವು ಎಷ್ಟು ಎತ್ತರದಲ್ಲಿದ್ದೇವೆ ಅಂತ ಕತ್ತಲಲ್ಲಿ ನಾಲ್ಕು ದೀಪ ಹೇಳುವುದಿಲ್ಲ! ವಿಮಾನ ಕರೆಂಟ್ ತಂತಿ ಕಡಿಯಿತು, ಆಂಟೆನಾಗೆ ಬಡಿಯಿತು, ರನ್‌ವೇಗಿಂತ ಸುಮಾರು 225 ಮೀಟರ್ ಮೊದಲೇ ನೆಲಕ್ಕೆ ಅಪ್ಪಳಿಸಿತು. ಮೇಲೇರಲು ಹೊರಟಿದ್ದರು, ಆದರೆ ತಡವಾಗಿತ್ತು. ಯಾರೂ ಸಾಯಲಿಲ್ಲ, ಅದೊಂದು ಸಮಾಧಾನ. ಒಂದಿಷ್ಟು ಸೆಕೆಂಡ್ ಮುಂಚೆ ಮೇಲೇರಿದ್ದರೆ ಆ ವಿಮಾನದ ಹೆಸರನ್ನೇ ನಾವು ಕೇಳುತ್ತಿರಲಿಲ್ಲ.

ಸಮಯ ಓಡುತ್ತಿದೆ. ರನ್‌ವೇಯಲ್ಲಿ ಜಾರುವ ವಿಷಯ ಬೇಗ ಹೇಳಿಬಿಡುತ್ತೇನೆ. 2005ರ ಡಿಸೆಂಬರ್ 8ರಂದು ಶಿಕಾಗೋದ ಮಿಡ್‌ವೇ ನಿಲ್ದಾಣದಲ್ಲಿ ಸೌತ್‌ವೆಸ್ಟ್ ವಿಮಾನವೊಂದು ಹಿಂಗಾಳಿಯಲ್ಲಿ, ಹಿಮ ಬಿದ್ದ ರನ್‌ವೇ ಮೇಲೆ ಇಳಿಯಿತು. ವೇಗ ತಗ್ಗಿಸುವ ರಿವರ್ಸ್ ಥ್ರಸ್ಟ್ ತೆರೆದುಕೊಂಡದ್ದು 18 ಸೆಕೆಂಡ್ ಆದ ಮೇಲೆ. ಬೇಲಿ ಮುರಿದು ರಸ್ತೆಗೆ ನುಗ್ಗಿತು. ಕಾರಿನಲ್ಲಿದ್ದ 6 ವರ್ಷದ ಹುಡುಗ ತೀರಿಕೊಂಡ. ನಿಲ್ಲಲು ಜಾಗ ಸಾಕಾ ಅನ್ನುವ ಲೆಕ್ಕ ಮೇಲಿದ್ದಾಗಲೇ ಖಚಿತವಾಗಬೇಕು. ಈಗ ರನ್‌ವೇಗೆ 0ಯಿಂದ 6ರವರೆಗೆ ಅಂಕ ಕೊಡುತ್ತಾರೆ. 6 ಅಂದರೆ ಒಣಗಿದೆ. ಅಂಕ ನೋಡಿ ಲೆಕ್ಕ ಹಾಕಿ, ಜಾಗ ಸಾಲದಿದ್ದರೆ ಇಳಿಯುವುದೇ ಬೇಡ.

ಇಂಧನ ಮುಗಿದುಹೋದರೆ ಅಂತ ಹೆದರಬೇಡಿ. ಬೇರೆ ನಿಲ್ದಾಣಕ್ಕೆ ಹೋಗುವಷ್ಟು ಇಂಧನ ತುಂಬಿಕೊಂಡೇ ಹೊರಟಿರುತ್ತಾರೆ. ಬೆಲ್ಟ್ ಬಿಗಿಯಾಗಿ ಹಾಕಿಕೊಂಡು ಸುಮ್ನೆ ಕೂತಿರಿ. ನಮಸ್ಕಾರ.