ಹೆಲ್ಮೆಟ್ ಕೆರೀಬೇಡಿ ಸ್ವಾಮಿ, ಬಣ್ಣ ಹಚ್ಚಿ

ನಮಸ್ಕಾರ ನಮಸ್ಕಾರ, ಎಲ್ಲರೂ ಹೇಗಿದೀರ. ಇವತ್ತು ಬೇರೆ ವೀಡಿಯೋ ಮಾಡೋದಿತ್ತು, ವೈಸರ್ ಕಟ್ ಮಾಡೋದು ಹೇಗೆ ಅಂತ, ಶೀಟ್ ಎಲ್ಲ ತಂದಿಟ್ಕೊಂಡಿದ್ದೆ. ಆದ್ರೆ ಸ್ಟಾರ್ ವಾರ್ಸ್ ಸಿನಿಮಾದ ಬೌಂಟಿ ಹಂಟರ್, ಅಂದ್ರೆ ದುಡ್ಡಿಗೆ ಜನ ಹಿಡಿಯೋ ಬೋಬಾ ಫೆಟ್ ಇದಾನಲ್ಲ, ಅವನ ಹೆಲ್ಮೆಟ್‌ನ ಹಿಂದಿನ ವೀಡಿಯೋ ಕೆಳಗೆ ಒಬ್ಬ ಪುಣ್ಯಾತ್ಮರು ಒಂದು ಕಾಮೆಂಟ್ ಹಾಕಿದಾರೆ, ಅದನ್ನ ಓದಿದ ಮೇಲೆ ವೈಸರ್ ಕಡೆ ಮನಸ್ಸೇ ಹೋಗ್ಲಿಲ್ಲ. ಓದ್ತೀನಿ ಕೇಳಿ. "ಗುರು, ಬ್ರಷ್ ಹಿಡ್ಕೊಂಡು ಇಷ್ಟೊಂದು ಒದ್ದಾಡೋದ್ಯಾಕೆ, ಹೆಲ್ಮೆಟ್‌ಗೆ ಹಗ್ಗ ಕಟ್ಟಿ ಬೈಕ್ ಹಿಂದೆ ಎರಡು ರೌಂಡ್ ಎಳ್ಕೊಂಡ್ ಬಾ, ನಮ್ಮ ರೋಡ್ ಇರೋದೇ ಅದಕ್ಕೆ, ವೆದರಿಂಗ್ ಫ್ರೀ." ವೆದರಿಂಗ್ ಅಂದ್ರೆ ಹೊಸದನ್ನ ಹಳೇದು, ಏಟು ತಿಂದಿದ್ದು ಅನ್ನೋ ಹಾಗೆ ಕಾಣಿಸೋದು. ಆ ಕಾಮೆಂಟ್‌ಗೆ ಲೈಕ್ ಬೇರೆ! ನಾನು ಪಿನ್ ಮಾಡಿರೋ ಕಾಮೆಂಟ್‌ಗಿಂತ ಜಾಸ್ತಿ.

ನಗು ಬಂತು, ಸುಳ್ಳು ಹೇಳಲ್ಲ. ರೋಡ್ ವಿಷಯ ನಿಜಾನೇ. ಆದ್ರೆ ಕೆಳಗೆ ರಿಪ್ಲೈ ಮಾಡಿರೋರು ಯಾರೂ ತಮಾಷೆ ಮಾಡ್ತಿಲ್ಲ ಕಣ್ರೀ. ಹೌದು ಬ್ರೋ ನಾನು ಡ್ರೆಮೆಲ್ ಮೆಷಿನ್ನಲ್ಲಿ ಕೊರೀತೀನಿ, ನಾನು ತಂತಿ ಬ್ರಷ್ಷಲ್ಲಿ ಉಜ್ತೀನಿ, ನಾನು ಸುತ್ತಿಗೇಲಿ ಬಾರಿಸ್ತೀನಿ, ಒರಿಜಿನಲ್ ಏಟು ಒರಿಜಿನಲ್ಲೇ. ಅಲ್ಲಿ ನಂಗೆ ಉರಿದಿದ್ದು.

ನಾನು ಹೇಳೋದು ಇಷ್ಟೇ. ಸಿನಿಮಾ ಹೆಲ್ಮೆಟ್ ಮೇಲೆ ನೀವು ನೋಡೋ ಏಟು ಏಟಲ್ಲ, ಬಣ್ಣ. ಯಾರೋ ಒಬ್ರು ಕೂತು ಬ್ರಷ್ಷಲ್ಲಿ ಬರೆದಿರೋದು. ನೀವು ಅದರ ರೆಪ್ಲಿಕಾ ಮಾಡ್ತಿದೀರ ಅಂದ್ಮೇಲೆ ನೀವೂ ಬರೀಬೇಕು, ಕೆರೆಯೋದಲ್ಲ.

ಬೋಬಾ ಫೆಟ್‌ದೇ ತಗೊಳ್ಳಿ. ಎಂಪೈರ್ ಸ್ಟ್ರೈಕ್ಸ್ ಬ್ಯಾಕ್ ಬಂದಿದ್ದು 1980ರಲ್ಲಿ, ಇಡೀ ಸಿನಿಮಾದಲ್ಲಿ ಆ ಮನುಷ್ಯನಿಗಿರೋದು ನಾಲ್ಕೇ ನಾಲ್ಕು ಡೈಲಾಗು, ಆದ್ರೂ ಇವತ್ತಿಗೂ ಜನ ಅವನ ಹೆಲ್ಮೆಟ್ ಹಿಂದೆ ಬಿದ್ದಿದಾರೆ. ಯಾಕೆ? ಆಕ್ಟಿಂಗ್ ನೋಡಿ ಅಲ್ಲ, ಮುಖಾನೇ ತೋರಿಸಿಲ್ಲ ಅವನು. ಬಣ್ಣ ನೋಡಿ! 1978ರಲ್ಲಿ ಆ ವೇಷ ಮೊದಲು ರೆಡಿಯಾದಾಗ ತಲೆಯಿಂದ ಕಾಲಿನವರೆಗೂ ಬಿಳಿ, ಬರೀ ಬಿಳಿ. ಡಿಸೈನ್ ಮಾಡಿದ್ದು ರಾಲ್ಫ್ ಮ್ಯಾಕ್‌ಕ್ವಾರಿ, ಜೋ ಜಾನ್‌ಸ್ಟನ್ ಇಬ್ರೂ ಸೇರಿ, ಆಮೇಲೆ ಬಣ್ಣಕ್ಕೆ ಕೂತಿದ್ದು ಜಾನ್‌ಸ್ಟನ್. ಎಡಕ್ಕೂ ಬಲಕ್ಕೂ ಹೆಚ್ಚುಕಮ್ಮಿ ಒಂದೇ ಥರ ಇದ್ದ ವೇಷ ಅದು, ಅದನ್ನ ಎಲ್ಲೆಲ್ಲಿಂದಲೋ ಆಯ್ಕೊಂಡು ಬಂದ ಬಿಡಿಭಾಗ ಜೋಡಿಸಿರೋ ಹಾಗೆ ಕಾಣಿಸಿದ್ದು ಪೇಂಟಲ್ಲಿ. ಬೈಕ್ ಹಿಂದೆ ಎಳೆದಲ್ಲ. ಇದೇ ಜಾನ್‌ಸ್ಟನ್ ಮುಂದೆ ಡೈರೆಕ್ಟರ್ ಆಗಿ 2011ರಲ್ಲಿ ಕ್ಯಾಪ್ಟನ್ ಅಮೆರಿಕ: ದ ಫಸ್ಟ್ ಅವೆಂಜರ್ ಮಾಡಿದ್ದು, ಗೊತ್ತಿಲ್ದೇ ಇರೋರಿಗೆ ಹೇಳ್ತಿದೀನಿ, ನೆಕ್ಸ್ಟ್ ಕ್ವಿಜ್‌ನಲ್ಲಿ ಕೇಳಿದ್ರೆ ನನ್ನ ನೆನೆಸ್ಕೊಳ್ಳಿ, ಹಾಗೇ ಸಬ್‌ಸ್ಕ್ರೈಬ್ ಮಾಡಿ.

ಇನ್ನೊಂದು. ಸ್ಟಾರ್ ವಾರ್ಸ್ ವಿಲನ್ ಡಾರ್ತ್ ವೇಡರ್ ಹೆಲ್ಮೆಟ್ ಏನ್ ಕಲರ್? ಕಪ್ಪು ಅಂತೀರ. 1977ರ ಮೊದಲ ಸಿನಿಮಾದ್ದು ಪೂರ್ತಿ ಕಪ್ಪಲ್ಲ ಸ್ವಾಮಿ! ಬ್ರಯನ್ ಮ್ಯೂರ್ ಅನ್ನೋ ಶಿಲ್ಪಿ ಮಾಡಿದ ಆ ಮುಖದ ಮೇಲೆ ಒಂದು ಭಾಗ ಕಪ್ಪು, ಪಕ್ಕದ್ದು ಗನ್‌ಮೆಟಲ್ ಬೂದು, ಮತ್ತೆ ಕಪ್ಪು, ಹೀಗೆ ಎರಡು ಶೇಡ್. ಬರೀ ಕಪ್ಪು ಹೊಡೆದಿದ್ರೆ ಲೈಟಿಂಗಲ್ಲಿ ಕೆನ್ನೆ ಯಾವುದು ಮೂಗು ಯಾವುದು ಗೊತ್ತಾಗ್ತಿರಲಿಲ್ಲ. ಅಂದ್ರೆ ಅವರು ನೆರಳನ್ನೂ ಪೇಂಟಲ್ಲೇ ಮಾಡಿದಾರೆ. ನೆರಳನ್ನೇ ಡಬ್ಬದಲ್ಲಿ ತಂದು ಹಚ್ಚೋ ಜನ, ಗೀರಿಗೆ ಹೋಗಿ ರೋಡ್ ಹುಡುಕ್ತಾರಾ?

ಆ ಮೊದಲ ಸಿನಿಮಾದ ಸ್ಟಾರ್ಮ್‌ಟ್ರೂಪರ್, ಅದೇ ಬಿಳಿ ವೇಷದ ಸೈನಿಕರು, ಅವರ ಹೆಲ್ಮೆಟ್ಟೂ ಅಷ್ಟೇ, ಆ ಬೂದು ಪಟ್ಟಿ, ಗಲ್ಲದ ಪಕ್ಕ ನೀಲಿ ಗೆರೆ, ಎಲ್ಲ ಕೈಯಲ್ಲಿ ಬಿಡಿಸಿದ್ದು, ಒಂದರಲ್ಲಿರೋಷ್ಟು ಗೆರೆ ಇನ್ನೊಂದರಲ್ಲಿಲ್ಲ. ಆ ಹೆಲ್ಮೆಟ್ ವಿಷಯ ಬ್ರಿಟನ್ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು ಗೊತ್ತಾ, 2011ರಲ್ಲಿ. ಇದು ಶಿಲ್ಪ ಅಲ್ಲ, ಸಿನಿಮಾ ತೆಗೆಯೋಕೆ ಬೇಕಾದ ಸಾಮಾನು ಅಂತ ತೀರ್ಪು. ನೋಡಿ, ಕೋರ್ಟೇ ನನ್ನ ಪರ. ಸರಿ, ಕೇಸು ಕಾಪಿರೈಟ್ ಬಗ್ಗೆ ಇತ್ತು, ವೆದರಿಂಗ್ ಬಗ್ಗೆ ಅಲ್ಲ, ಆದ್ರೂ ನಾನು ತಗೋತೀನಿ.

ಈಗ ನಿಮ್ಮ ಒರಿಜಿನಲ್ ಏಟಿಗೆ ಬರೋಣ. ನಿಮ್ಮ ಹೆಲ್ಮೆಟ್ ಏನರಲ್ಲಾಗಿದೆ? ಸ್ಟಾರ್ ವಾರ್ಸ್ ಕಥೇಲಿ ಬರೋ ಬೆಸ್ಕಾರ್ ಲೋಹದಲ್ಲಾ? ತ್ರೀಡಿ ಪ್ರಿಂಟ್ ಪಿಎಲ್ಎ ಅಲ್ವಾ. ಅದು 60 ಡಿಗ್ರಿ ಹತ್ರ ಬಂದ್ರೇ ಮೆತ್ತಗಾಗೋ ಪ್ಲಾಸ್ಟಿಕ್, ಡ್ರೆಮೆಲ್ ಫುಲ್ ಸ್ಪೀಡಲ್ಲಿ ಇಟ್ರೆ ಕೊರೆಯಲ್ಲ, ಕರಗಿ ಬಿಟ್‌ಗೇ ಅಂಟ್ಕೊಳತ್ತೆ, ಅಂಚೆಲ್ಲ ನೂಲು ನೂಲು. ಕೆರೆದಾಗ ಒಳಗಿಂದ ಏನು ಕಾಣತ್ತೆ? ಲೋಹನಾ? ನೀವು ಪ್ರಿಂಟರ್‌ಗೆ ಹಾಕಿರೋ ಪ್ಲಾಸ್ಟಿಕ್ ಫಿಲಮೆಂಟ್ ಕಾಣತ್ತೆ, ಅದೂ ಪದರ ಪದರವಾಗಿ ಪ್ರಿಂಟ್ ಆದ ಲೇಯರ್ ಲೈನ್ ಸಮೇತ. 220, 400, 600 ನಂಬರಿನ ಸ್ಯಾಂಡ್‌ಪೇಪರ್ ಹಿಡಿದು ಫಿಲ್ಲರ್ ಪ್ರೈಮರ್ ಹೊಡೆದು ಹೊಡೆದು ಮುಚ್ಚಿದ ಲೈನನ್ನ ನೀವೇ ವಾಪಸ್ ತೆಗೆದು ಊರಿಗೆಲ್ಲ ತೋರಿಸ್ತಿದೀರ. ಗ್ಯಾಲಕ್ಸೀಲೇ ಫೇಮಸ್ ಬೌಂಟಿ ಹಂಟರ್, ಹೆಲ್ಮೆಟ್ ಒಳಗೆ ಬೂದು ಪ್ಲಾಸ್ಟಿಕ್. ಭಯ ಬೀಳ್ತಾರಾ ಯಾರಾದ್ರೂ?

ಬಣ್ಣದಲ್ಲಿ ಹೇಗೆ ಅಂತ ಕೇಳಿ. ಕೆಳಗೆ ಸಿಲ್ವರ್ ಕೋಟು. ಅದು ಪೂರ್ತಿ ಒಣಗಿದ ಮೇಲೆ ಎಲ್ಲಿ ಲೋಹ ಕಾಣಬೇಕೋ ಅಲ್ಲಿ ಸ್ಪಾಂಜ್ ಚೂರಲ್ಲಿ ಮಾಸ್ಕಿಂಗ್ ಫ್ಲುಯಿಡ್ ಒತ್ತಿ, ಅಂದ್ರೆ ಮೇಲಿನ ಬಣ್ಣ ಕೆಳಗೆ ಅಂಟದ ಹಾಗೆ ತಡೆಯೋ ದ್ರವ, ಸಿಗಲಿಲ್ಲ ಅಂದ್ರೆ ಟೂತ್‌ಪೇಸ್ಟ್ ಆದ್ರೂ ಸರಿ. ಮೇಲೆ ಒಂದು ತೆಳು ಹಸಿರು, ಮತ್ತೆ ಮಾಸ್ಕಿಂಗ್, ಈ ಸಲ ಮೊದಲಿನದಕ್ಕಿಂತ ಸ್ವಲ್ಪ ಆಚೆವರೆಗೂ, ಅದರ ಮೇಲೆ ಗಾಢ ಹಸಿರು. ಒಣಗಿಸಿ ಬೆರಳಲ್ಲಿ ಉಜ್ಜಿದ್ರೆ ಪದರ ಪದರ ಕಿತ್ಕೊಂಡು ಬರತ್ತೆ, ನಡುವೆ ಸಿಲ್ವರು, ಸುತ್ತ ತೆಳು ಹಸಿರಿನ ಅಂಚು. ಈಗ ಮಜಾ ಇರೋದು ಇಲ್ಲಿ. ಸಣ್ಣ ಬ್ರಷ್ ತಗೊಂಡು ಬಣ್ಣ ಎದ್ದ ಆ ಚಿಪ್‌ನ ಮೇಲಿನ ಅಂಚಿಗೆ ಕಪ್ಪು ಕಂದು ಗೆರೆ ಎಳೀರಿ, ಕೆಳಗಿನ ಅಂಚಿಗೆ ತಿಳಿ ಗೆರೆ. ಬೆಳಕು ಮೇಲಿಂದ ಬರತ್ತಲ್ಲ, ಗುಂಡಿ ಇದ್ರೆ ಮೇಲಿನ ಅಂಚು ನೆರಳಲ್ಲಿರತ್ತೆ, ಕೆಳಗಿನ ಅಂಚು ಮಿಂಚತ್ತೆ. ನುಣ್ಣಗಿರೋ ಜಾಗ, ಕೈಯಲ್ಲಿ ಸವರಿದ್ರೆ ಏನೂ ಇಲ್ಲ, ಕಣ್ಣಿಗೆ ಗುಂಡಿ! ಎರಡು ಗೆರೆ ಸ್ವಾಮಿ, ಬರೀ ಎರಡು ಗೆರೆ. ಸುತ್ತಿಗೇಲಿ ಬಾರಿಸಿದ್ರೂ ಈ ಗುಂಡಿ ಸಿಗಲ್ಲ ನಿಮಗೆ.

ಅಂದಹಾಗೆ ಈ ಬೋಬಾ ಫೆಟ್ ಚಿಪ್ ಟೆಂಪ್ಲೇಟ್ ಎ ಫೋರ್ ಸೈಜಲ್ಲಿ ಮಾಡಿಟ್ಟಿದೀನಿ, ಮೆಂಬರ್ಸ್‌ಗೆ ಫ್ರೀ, ಉಳಿದೋರಿಗೆ ಒಂದು ಬೆಣ್ಣೆ ದೋಸೆ ರೇಟು. ಲಿಂಕ್ ಕೆಳಗಿದೆ.

ಒಬ್ರು ಕೇಳಿದಾರೆ, "ಬೋಬಾ ಹಣೆ ಮೇಲೆ ಡೆಂಟ್ ಇದೆಯಲ್ಲ, ಅದು ನಿಜವಾದ ಗುಂಡಿ ತಾನೆ?" ಹೌದಪ್ಪ ಹೌದು, ಅದು ಹೆಲ್ಮೆಟ್ ಆಕಾರದಲ್ಲೇ ಇದೆ. ಆ ಒಂದು ಡೆಂಟ್ ಇಟ್ಕೊಂಡು ನನ್ನ ಮೇಲೆ ಕೇಸ್ ಹಾಕ್ತೀರಾ? ಅದು ಬೇಕಂತಲೇ ಮಾಡಿರೋದು, ಬೈಕಲ್ಲಿ ಅಲ್ಲ. ಮುಂದಿನ ಪ್ರಶ್ನೆ. "2019ರ ಮ್ಯಾಂಡಲೋರಿಯನ್ ಸೀರೀಸ್‌ನ ಹೆಲ್ಮೆಟ್ ಬರೀ ಲೋಹ, ಅದರಲ್ಲಿ ಬಣ್ಣ ಎಲ್ಲಿ?" ಅದು ಪಳಪಳ ಅನ್ನೋ ಹೆಲ್ಮೆಟ್ ರೀ, ನಾವು ಮಾತಾಡ್ತಿರೋದು ಏಟು ತಿಂದಿರೋದರ ಬಗ್ಗೆ. ನಾನು ಉಪ್ಪಿಟ್ಟಿನ ವಿಷಯ ಮಾತಾಡ್ವಾಗ ಕೇಸರಿಬಾತ್ ತಂದು ತಟ್ಟೆಗೆ ಹಾಕಬೇಡಿ, ಚೌಚೌ ಬಾತ್ ಬೇರೆ ವೀಡಿಯೋ.

ವಾಷ್ ಮರೆತೆ, ಅಂದ್ರೆ ಕೊಳೆ ಥರ ಕಾಣೋ ನೀರು ನೀರು ಬಣ್ಣ. ಬರ್ಂಟ್ ಅಂಬರ್ ಅನ್ನೋ ಗಾಢ ಕಂದು, ಸ್ವಲ್ಪ ಕಪ್ಪು, ಜಾಸ್ತಿ ನೀರು, ಅಕ್ರಿಲಿಕ್ಕಲ್ಲಿ. ಇಡೀ ಹೆಲ್ಮೆಟ್‌ಗೆ ಬಳಿದು ಟಿಶ್ಯೂಲಿ ಮೇಲಿಂದ ಕೆಳಕ್ಕೆ ಒರೆಸಿ, ಅಡ್ಡಡ್ಡ ಒರೆಸಬೇಡಿ, ಮಳೆ ಅಡ್ಡಡ್ಡ ಇಳಿಯಲ್ಲ. ಸಂದಿಯಲ್ಲಿ ಉಳಿದಿದ್ದೇ ಕೊಳೆ. ಧೂಳಿಗೆ ಮುಲ್ತಾನಿ ಮಿಟ್ಟಿ, ತಮಾಷೆ ಅಲ್ಲ, ಸಿನಿಮಾ ಕಾಸ್ಟ್ಯೂಮ್‌ನೋರು ವೇಷಕ್ಕೆ ಧೂಳು ಹಿಡಿಸೋಕೆ ಉಪಯೋಗಿಸೋದು ಅದನ್ನೇ. ನಮ್ಮನೇಲಿ ಫೇಸ್‌ಪ್ಯಾಕ್ ಡಬ್ಬ ಖಾಲಿ ಆಗಿದೆ, ಯಾಕೆ ಅಂತ ನಮ್ಮಕ್ಕನಿಗೆ ಇನ್ನೂ ಗೊತ್ತಿಲ್ಲ, ಅಕ್ಕ ಈ ವೀಡಿಯೋ ನೋಡ್ತಿದ್ರೆ ಇಲ್ಲಿಗೇ ನಿಲ್ಸು. ಮೇಲೆ ಮ್ಯಾಟ್ ಕ್ಲಿಯರ್ ಕೋಟು, ಮಳೆ ಹಿಡಿದಿರೋ ದಿನ ಮಾತ್ರ ಹೊಡೀಬೇಡಿ, ಗಾಳೀಲಿರೋ ತೇವಕ್ಕೆ ಬಿಳಿ ಮಸುಕು ಕೂರತ್ತೆ. ರೆಸ್ಪಿರೇಟರ್ ಹಾಕ್ಕೊಳ್ಳಿ, ಬಟ್ಟೆ ಮಾಸ್ಕ್ ಅಲ್ಲ.

ಕಂಪನಿ ನಾಟಕದಲ್ಲಿ ಪರದೆ ಮೇಲೆ ಅರಮನೆ ಬರೆದಿರ್ತಿದ್ರು, ಕಾಡು ಬರೆದಿರ್ತಿದ್ರು. ಯಾರಾದ್ರೂ ಎದ್ದು ನಿಂತು, ಇದು ನಿಜವಾದ ಕಂಬ ಅಲ್ಲ, ಸ್ಟೇಜ್ ಮೇಲೆ ಕಲ್ಲು ತಂದು ನಿಲ್ಸಿ ಅಂದ್ರಾ? ಇಲ್ಲ ತಾನೆ! ಹೆಲ್ಮೆಟ್ ಅಂದ ತಕ್ಷಣ ಮಾತ್ರ ಎಲ್ಲರಿಗೂ ನಿಜ ಬೇಕು.

"ಆದ್ರೆ ಬ್ರೋ ಹತ್ತಿರದಿಂದ ನೋಡಿದ್ರೆ ಪೇಂಟ್ ಅಂತ ಗೊತ್ತಾಗತ್ತೆ." ಗೊತ್ತಾಗ್ಲಿ! ಒರಿಜಿನಲ್ಲೂ ಹತ್ತಿರದಿಂದ ನೋಡಿದ್ರೆ ಪೇಂಟೇ! ಬ್ರಷ್ ಗುರುತು ಕಂಡ್ರೆ ಅದು ಹೆಚ್ಚು ಒರಿಜಿನಲ್ ಸ್ವಾಮಿ, ಕಮ್ಮಿ ಅಲ್ಲ! ಬಣ್ಣ ಕಣ್ರೀ, ಬಣ್ಣ, ಬಣ್ಣ. ಇನ್ನೆಷ್ಟು ಸಲ ಹೇಳ್ಲಿ. ಕೆರೆಯೋದಿದ್ರೆ ತಲೆ ಕೆರ್ಕೊಳ್ಳಿ.

ಬೈಕ್ ಕಾಮೆಂಟ್ ಹಾಕಿರೋ ಅಣ್ಣ, ನಿಮಗೆ ಓಪನ್ ಚಾಲೆಂಜ್. ಬೆಂಗಳೂರು ಕಾಮಿಕ್ ಕಾನ್‌ಗೆ ನೀವು ಎಳೆದಿರೋ ಹೆಲ್ಮೆಟ್ ತನ್ನಿ, ನಾನು ಬರೆದಿರೋದು ತರ್ತೀನಿ, ಹೋಗೋರು ಬರೋರು ಯಾರ ಜೊತೆ ಫೋಟೋ ತಗೋತಾರೆ ನೋಡೋಣ. ಸೋತೋರು ಫಿಲ್ಟರ್ ಕಾಫಿ ಕೊಡಿಸಬೇಕು, ಬೈ ಟೂ ಅಲ್ಲ, ಫುಲ್ಲು. ಇನ್ನೂ ಎರಡು ಪಾಯಿಂಟ್ ಬರ್ಕೊಂಡಿದ್ದೆ, ಆ ಚೀಟಿ ಮೇಲೇ ವಾಷ್ ಚೆಲ್ಲಿದೆ, ಓದೋಕಾಗ್ತಿಲ್ಲ, ಬಿಡಿ. ಕೆಳಗಿನ ಮನೆಯವರು ಬೇರೆ ಫೋನ್ ಮಾಡ್ತಿದಾರೆ, ಸ್ಪ್ರೇ ವಾಸನೆ ಅಂತ ಕಾಣತ್ತೆ. ಬರ್ತೀನಿ ಸಾರ್, ಬಂದೆ, ಹಲೋ...