ಮೀಸಿ ಚಿಗುರೋ ವಯಸ್ಸಿನ ಹುಡುಗಗ ಸಾಲ್ಯಾಗ ಏನು ಹೇಳಬೇಕು?

[ಹಿನ್ನೆಲೆ: ಕಲಬುರಗಿ ಸೂಪರ್ ಮಾರ್ಕೆಟ್, ಸಂಜಿ]

ನಮಸ್ಕಾರ್ರಿ. ಆಳಂದ ಕಡಿಂದ ಒಬ್ರು ತಾಯಿ ಕೇಳ್ಯಾರ: "ಮಗಳಿಗೆ ಹುಷಾರಿರವ್ವ ಅಂತ ಎಲ್ಲಾರೂ ಹೇಳ್ತಾರ. ಮಗನಿಗೆ ಯಾರು ಏನು ಹೇಳ್ತಾರ್ರಿ?"

ಕಾನೂನು ಲಗೂ ಮುಗಿಸ್ತೀನಿ. 2012ರ ಪೋಕ್ಸೊ ಕಾಯ್ದೆ 18ರೊಳಗಿನ ಹುಡುಗ, ಹುಡುಗಿ ಇಬ್ಬರಿಗೂ ಲೈಂಗಿಕ ದೌರ್ಜನ್ಯದಿಂದ ರಕ್ಷಣೆ ಕೊಡ್ತದ. ಬ್ಯಾಡ ಅಂದ ಹುಡುಗಿ ಬೆನ್ನು ಹತ್ತೋದು ಅಪರಾಧ. ಆದ್ರ ಜೈಲಿನ ಅಂಜಿಕಿಂದ ಮರ್ಯಾದಿ ಹುಟ್ಟಂಗಿಲ್ರಿ.

ಹರಿಯಾಣದಾಗ 314 ಸರ್ಕಾರಿ ಸಾಲಿ ಆರಿಸಿ ಪರೀಕ್ಷೆ ಮಾಡಿ ನೋಡ್ಯಾರ. ಅದ್ರಾಗ ಸುಮಾರು ಅರ್ಧ ಸಾಲ್ಯಾಗ ಬ್ರೇಕ್‌ಥ್ರೂ ಸಂಸ್ಥೆಯವರು ಎರಡೂವರೆ ವರ್ಷ, ಮೂರು ವಾರಕ್ಕೊಮ್ಮೆ 45 ನಿಮಿಷ, ಹುಡುಗ-ಹುಡುಗೇರ ಜೋಡಿ ಕುಂತು ಗಂಡು-ಹೆಣ್ಣು ಸಮಾನ ಅನ್ನೋದರ ಬಗ್ಗೆ ಮಾತಾಡಿದ್ರು. ಹುಡುಗೇರ ಕನಸು ಮೊದಲೇ ದೊಡ್ಡದಿತ್ತು. ನಡತಿ ಹೆಚ್ಚು ಬದಲಾಗಿದ್ದು ಹುಡುಗರದ್ದು. ಮನಿಕೆಲಸಕ್ಕ ಹೆಚ್ಚು ಕೈ ಹಚ್ಚೀವಿ ಅಂತ ಅವರೇ ಹೇಳಿದ್ರು. ಪಾಠ ಮುಗಿದು ಎರಡು ವರ್ಷ ಆದ ಮ್ಯಾಲೂ ವಿಚಾರ ಬದಲಾಗಿದ್ದು ಉಳಿದಿತ್ತು!

ಈಗ ನನಗ ಭಾಳ ಹಿಡಿಸಿದ ಮಾತು. ಇದಕ್ಕ ಪಠ್ಯ ಹುಡುಕ್ಲಿಕ್ಕೆ ಹೊರಗ ಹೋಗೋದೇ ಬ್ಯಾಡ. ನಮ್ಮ ಯಾದಗಿರಿ ಜಿಲ್ಲಾದ ಮುದನೂರಾಗ ನೇಕಾರ ಜೇಡರ ದಾಸಿಮಯ್ಯ ಇದ್ದ. ಗಡ್ಡ ಮೀಸಿ ಬಂದ್ರ ಗಂಡು ಅಂತೀರಿ, ಒಳಗ ಸುಳಿಯೋ ಆತ್ಮ ಹೆಣ್ಣೂ ಅಲ್ಲ, ಗಂಡೂ ಅಲ್ಲ ಅಂದ. ಈ ವಚನಾನ ಒಂಬತ್ತನೇತ್ತಾದಾಗ ಓದಿ ನೋಡ್ರಿ. ಅಲ್ಲಿ ಕುಂತ ಹುಡುಗನ ಮೀಸಿ ಈಗಷ್ಟೇ ಕರ್ರಗಾಗ್ಲಿಕತ್ತದ, ದನಿ ಒಡದದ. "ಗಂಡಸಾಗಿ ಅಳ್ತಿ ಏನಲೇ" ಅನ್ನೋದು ದಿನಾ ಕಿವಿಗೆ ಬೀಳ್ತದ. ಅವನ ಮುಂದ ಮಾಸ್ತರು ಬೋರ್ಡಿನ ಮ್ಯಾಲ ಬರೀಬೇಕು: ಮೀಸಿ ಬಂದ ಮ್ಯಾಲ ನಿನ್ನ ಒಳಗ ಏನು ಬದಲಾತು? ಬರದು, ಸುಮ್ಮ ನಿಂದ್ರಬೇಕು. ಮೊದಲ ನಗ್ತಾರ, ನಗಲಿ. ಹಿಂದಿನ ಬೆಂಚಿನವ ಬಾಯಿ ಬಿಡೋ ತನಕ ಕಾಯಬೇಕು. ಮರ್ಯಾದಿ ಪಾಠ ಅಲ್ಲಿಂದ ಸುರು ಅಂತ ನನ್ನ ಖರೇ ನಂಬಿಕಿ.

ಟೈಮ್ ಆಗ್ಯಾದ, ಉಳಿದಿದ್ದು ಕೂಡಿಸೇ ಹೇಳ್ತೀನಿ. ಗೆಳೆಯ ಯಾವುದೋ ಹುಡುಗಿ ಫೋಟೊ ಗ್ರೂಪಿಗೆ ಹಾಕಿದ್ರ "ಡಿಲೀಟ್ ಮಾಡು" ಅನ್ನೋದನ್ನ ಕ್ಲಾಸಿನ್ಯಾಗ ನಾಟಕ ಮಾಡಿಸಿ ರೂಢಿ ಮಾಡಿಸ್ರಿ. ಮಾಸ್ತರಿಗೆ ತರಬೇತಿ ಬೇಕು, ಎಸ್‌ಡಿಎಂಸಿ (ಸಾಲಿ ಅಭಿವೃದ್ಧಿ ಸಮಿತಿ) ಸಭಾಕ್ಕ ಅಪ್ಪಂದಿರೂ ಬರಬೇಕು. ಯಾವ ಮಗುವಿಗೆ ತೊಂದ್ರಿ ಇದ್ರೂ ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಹಚ್ರಿ, ಹುಡುಗರಿಗೂ ಅದೇ ನಂಬರ್.

ಬೀದರ್, ಯಾದಗಿರಿ, ಕಲಬುರಗಿ ಮಾಸ್ತರ್ರೇ, ನಿಮ್ಮ ಕ್ಲಾಸಿನ್ಯಾಗ ಆ ಪ್ರಶ್ನಿ ಕೇಳಿದ್ರ ಹುಡುಗರು ಏನಂದ್ರು ಅಂತ ಕೆಳಗ ಬರೀರಿ.